ಕಪ್ಪು ಐದಕ್ಕೆ ಬಿಗಿದ ತಂತಿ

ಬೇಸ್ ಗಿಟಾರಿನ ತಂತಿ ಕೊಳ್ಳುವವರು ತಿಳಿದಿರಬೇಕಾದದ್ದು ಎರಡೇ ವಿಷಯ: ತಂತಿ ಎಷ್ಟು ದಪ್ಪ, ಅದನ್ನು ಎಷ್ಟು ಬಿಗಿಯುತ್ತೀರಿ. ಉಳಿದದ್ದೆಲ್ಲ ಅಂಗಡಿಯವರ ಮಾತು. ಇಷ್ಟು ತಿಳಿಯಲು ನನಗೆ ಮೂರು ಊರು, ಐದಾರು ವರ್ಷ ಮತ್ತು ಒಂದು ಎಡಗೈ ಬೇಕಾಯಿತು. ಆ ನಡುವೆ ಇನ್ನೊಬ್ಬರ ಗಂಟಲೂ ಹೋಯಿತು. ಅದನ್ನು ಬಿಟ್ಟು ಬರೀ ತಂತಿಯ ವಿಷಯ ಬರೆದರೆ ಇನ್ನೊಮ್ಮೆ ಸುಳ್ಳು ಹೇಳಿದಂತಾಗುತ್ತದೆ. ಒಮ್ಮೆ ಹೇಳಿದ್ದೇ ಸಾಕಾಗಿದೆ.

ಬ್ಯಾಂಕಿನವರು ನನ್ನನ್ನು ಮಂಗಳೂರಿನಿಂದ ಅಹಮದಾಬಾದಿನ ವಟ್ವಾ ಶಾಖೆಗೆ ವರ್ಗ ಮಾಡಿದಾಗ ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತಷ್ಟೆ. ಸುತ್ತ ಬಣ್ಣದ ಕಾರ್ಖಾನೆಗಳು. ಸಂಜೆ ಮನೆಗೆ ಬಂದು ಮುಖ ಒರೆಸಿದರೆ ಟವೆಲ್ಲು ಒಂದು ದಿನ ಕೆಂಪಗೆ, ಒಂದು ದಿನ ಹಳದಿಯಾಗಿ ಕಾಣುತ್ತಿತ್ತು. ಸಾಮಾನಿನ ಜೊತೆ ನನ್ನ ಬೇಸ್ ಗಿಟಾರೂ ರೈಲು ಹತ್ತಿ ಬಂದಿತ್ತು. ಊರಿನಲ್ಲಿ ಪಕ್ಕದ ಮನೆಯವರೊಬ್ಬರು ಇಗರ್ಜಿಯಲ್ಲಿ ನುಡಿಸುತ್ತಿದ್ದರು, ಕಾಲೇಜಿನ ದಿನಗಳಲ್ಲಿ ಅವರಿಂದ ಕಲಿತದ್ದು. ಮದುವೆಯಾದ ಮೇಲೆ ಹುಚ್ಚು ಬಿಡುತ್ತದೆ ಎಂದು ಹೆಂಡತಿಯ ಮನೆಯವರು ನಂಬಿದ್ದರು. ಹುಚ್ಚು ಬಿಡಲಿಲ್ಲ, ಹೆಂಡತಿಯೇ ಅದಕ್ಕೆ ಹೊಂದಿಕೊಂಡಳು.

ಅಹಮದಾಬಾದಿನ ಹಳೆಯ ಪೇಟೆಯಲ್ಲಿ ಹಾರ್ಮೋನಿಯಂ, ತಬಲಾ ದುರಸ್ತಿ ಮಾಡುವ ಒಂದು ಅಂಗಡಿಯಿತ್ತು. ಬೇಸ್ ತಂತಿ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಮಾಲೀಕರು ಪೊಟ್ಟಣಗಳನ್ನು ಬಿಚ್ಚಿ, ತಂತಿಗಳನ್ನು ಒಂದೇ ಮೊಳೆಗೆ ನೇತುಹಾಕಿಬಿಡುತ್ತಿದ್ದರು. ಕೇಳಿದರೆ "ಜಾಡೋ ಕೆ ಪಾತಳೋ?" ಎನ್ನುತ್ತಿದ್ದರು. ದಪ್ಪವೋ, ತೆಳುವೋ. ಅವರ ಲೋಕದಲ್ಲಿ ಮೂರನೆಯದು ಇರಲಿಲ್ಲ. ಬೆರಳ ನಡುವೆ ಉಜ್ಜಿ ನೋಡಿ, ಇದೇ ನಿಮ್ಮದು ಎಂದು ಕೊಟ್ಟುಬಿಡುತ್ತಿದ್ದರು. ನನಗೆ ನಂಬಿಕೆ ಬರಲಿಲ್ಲ. ನಮ್ಮ ಶಾಖೆಯ ಗಿರಾಕಿಯೊಬ್ಬರು ವಟ್ವಾದಲ್ಲಿ ಲೇತ್ ಇಟ್ಟುಕೊಂಡಿದ್ದರು. ಅವರ ಹತ್ತಿರ ತಂತಿ ಒಯ್ದು ಮೈಕ್ರೋಮೀಟರಿನಲ್ಲಿ ಅಳೆಸಿದೆ. ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅತಿ ದಪ್ಪದ ತಂತಿ ನೂರಾ ಐದು ಪಾಲು ಬಂತು. "ಇದು ಸಂಗೀತದ್ದಾ ಸಾಹೇಬರೇ, ಲಿಫ್ಟಿನದ್ದಾ?" ಎಂದು ಅವರು ಹಿಂದಿಯಲ್ಲಿ ಕೇಳಿದರು. ನಾವಿಬ್ಬರೂ ನಕ್ಕೆವು. ಆಗ ನನಗೆ ಮೂವತ್ತನಾಲ್ಕು ವರ್ಷ, ಬೆರಳುಗಳು ಸರಿಯಾಗಿದ್ದವು, ನೂರಾ ಐದು ಎಂಬುದು ಬರೀ ಒಂದು ಸಂಖ್ಯೆಯಾಗಿತ್ತು.

ಮರುವರ್ಷವೇ ವಡೋದರಾಕ್ಕೆ ವರ್ಗವಾಯಿತು. ಅಲ್ಲಿ ನಿಲ್ದಾಣದ ಹತ್ತಿರ ಒಂದು ಉಡುಪಿ ಹೋಟೆಲಿತ್ತು. ಅದರ ಮಾಲೀಕರು ಕುಂದಾಪುರದ ಕಡೆಯವರ ಮಗ, ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲಿ. ಹಗಲು ಗಲ್ಲಾದ ಮೇಲೆ ಕೂರುತ್ತಿದ್ದರು, ನವರಾತ್ರಿ ಬಂತೆಂದರೆ ಕೀಬೋರ್ಡ್ ನುಡಿಸುತ್ತಿದ್ದರು. ಅವರದ್ದೇ ಒಂದು ಗರ್ಬಾ ಆರ್ಕೆಸ್ಟ್ರಾ. ಭಾನುವಾರಗಳಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರರಿಂದ ಐದರವರೆಗೆ, ಹೋಟೆಲಿನ ಮಾಳಿಗೆಯ ಹಾಲ್‌ನಲ್ಲಿ ಅಭ್ಯಾಸ. ಕೆಳಗಿನಿಂದ ಸಾಂಬಾರಿನ ಪರಿಮಳ ಬರುತ್ತಿತ್ತು. ಬೇಸ್ ಬಾರಿಸುವ ಕನ್ನಡದವನೊಬ್ಬ ಸಿಕ್ಕಿದ್ದು ಅವರಿಗೆ ಹಬ್ಬವಾಯಿತು. ನಾನು ಅವರನ್ನು ಅಣ್ಣ ಎಂದೆ, ಅವರು ನನ್ನನ್ನು ಮಾರಾಯ ಎಂದರು, ಕೆಲಸ ಆಯಿತು.

ಹಾಡುತ್ತಿದ್ದವರು ಪ್ರಾಥಮಿಕ ಶಾಲೆಯೊಂದರ ಸಂಗೀತದ ಟೀಚರು. ಐವತ್ತು ದಾಟಿದ ಗುಜರಾತಿ ಹೆಂಗಸು, ಎಲ್ಲರಿಗೂ ಬೆನ್, ಅಂದರೆ ಅಕ್ಕ. ಅವರ ಷಡ್ಜ ಹಾರ್ಮೋನಿಯಂನ ಕಪ್ಪು ಐದು, ಅಂದರೆ ಐದನೆಯ ಕಪ್ಪು ಮನೆ. ಇಪ್ಪತ್ತು ವರ್ಷದಿಂದ ಅದೇ ಶ್ರುತಿ. ಸಾವಿರಾರು ಜನ ಸುತ್ತು ಕಟ್ಟಿ ಕುಣಿಯುವ ಮೈದಾನದ ಮೇಲೆ ಆ ದನಿ ಚಾಟಿಯ ಹಾಗೆ ಬೀಸುತ್ತಿತ್ತು. ಎದುರಿಗೆ ಕೂತರೆ ಮಾತ್ರ ಅದರೊಳಗಿನ ಮೃದುತನ ತಿಳಿಯುತ್ತಿತ್ತು. ನಾವು ಹಿಂದಿಯಲ್ಲಿ ಮಾತಾಡುತ್ತಿದ್ದೆವು. ಅವರು ನನ್ನನ್ನು ಭಾಯ್ ಎನ್ನುತ್ತಿದ್ದರು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಗರ್ಬಾದಲ್ಲಿ ಹಾಡು ನಿಲ್ಲುವುದಿಲ್ಲ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಎರಡೆರಡು ಗಂಟೆ ಎಳೆಯುತ್ತಾರೆ. ಅಷ್ಟು ಹೊತ್ತೂ ಬೇಸ್‌ನವನು ಷಡ್ಜ ಬಿಡುವಂತಿಲ್ಲ. ಬಿಟ್ಟರೆ ಕುಣಿಯುವವರ ಕಾಲಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ನಾವು ಎಲ್ಲ ತಂತಿಗಳನ್ನೂ ಅರ್ಧ ಸ್ವರ ಮೇಲಕ್ಕೆ ಬಿಗಿಯುತ್ತಿದ್ದೆವು. ಹಾಗೆ ಮಾಡಿದರೆ ಅದರ ಕೆಳಗಿನ ಮನೆಯಾದ ಬಿಳಿ ಆರರಲ್ಲಿ ಇರಬೇಕಾದ ತಂತಿ ಕಪ್ಪು ಐದಕ್ಕೆ ಏರುತ್ತದೆ, ಎಡಗೈ ಮುಟ್ಟದೆಯೇ ಬೆನ್ ಅವರ ಷಡ್ಜ ಮೊಳಗುತ್ತದೆ, ಎಡಗೈಗೆ ನಡುನಡುವೆ ಉಸಿರು ಸಿಗುತ್ತದೆ. ಆದರೆ ಬಿಗಿದ ತಂತಿ ಒತ್ತುವಾಗ ಸೇಡು ತೀರಿಸಿಕೊಳ್ಳುತ್ತದೆ. ಮೊದಲ ವರ್ಷ ಅದು ನನಗೆ ಗೊತ್ತೂ ಆಗಲಿಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎಡಗೈ ಬೆರಳುಗಳು ಮಡಚಲಿಲ್ಲ. ಅಂಗಿಯ ಬಟನ್ ಹಾಕಲಾಗದೆ ಹೆಂಡತಿಯನ್ನು ಕರೆದೆ.

"ಎಂತ ಮಾರಾಯ್ರೆ ಇದು, ಮದುಮಗನ ಹಾಗೆ ನಿಂತಿದ್ದೀರಿ?" ಎಂದು ನಗುತ್ತಲೇ ಬಂದವಳು ನನ್ನ ಗೆಣ್ಣುಗಳನ್ನು ಕಂಡು ಮೆಲ್ಲಗೆ ಕೈ ಹಿಡಿದುಕೊಂಡಳು. ಅವು ಊದಿಕೊಂಡು ಹೊಳೆಯುತ್ತಿದ್ದವು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಸಂಧಿವಾತ, ಗಂಟುಗಳ ಕಾಯಿಲೆ, ಹೋಗುವುದಿಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಎಂದರು. ಕೈಗೆ ಯಾವ ಕೆಲಸ ಎಂದು ಕೇಳಿದರು. ಬ್ಯಾಂಕು ಎಂದೆ. ಬೇರೇನಾದರೂ? ಇಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ನನ್ನನ್ನೇ ನೋಡಿದಳು.

ಯಾಕೆ ಮುಚ್ಚಿಟ್ಟೆ ಎಂದು ಈಗ ಕೇಳಿದರೆ ಉತ್ತರ ಸುಲಭ. ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಇರಲೇಬೇಕೆಂದೇನೂ ಇಲ್ಲ. ಕೀಬೋರ್ಡಿನ ಎಡಗೈ ಸಾಕು. ಅಣ್ಣ ಮನಸ್ಸು ಮಾಡಿದ್ದರೆ ಯಾವತ್ತು ಬೇಕಾದರೂ ತನ್ನ ಎಡಗೈಯಲ್ಲಿ ನನ್ನ ಭಾಗ ನುಡಿಸಿಬಿಡಬಹುದಿತ್ತು. ನನ್ನನ್ನು ಇಟ್ಟುಕೊಂಡದ್ದು ಪ್ರೀತಿಗೆ, ಸ್ವಲ್ಪ ಶೋಕಿಗೆ. ಕೈ ಕೆಟ್ಟಿದೆ ಎಂದು ತಿಳಿದರೆ ಪ್ರೀತಿಯಿಂದಲೇ ಮನೆಗೆ ಕಳಿಸುತ್ತಿದ್ದರು. ವರ್ಷವಿಡೀ ಸಹಿ, ಸೀಲು, ಲೆಡ್ಜರು ಎಂದು ಬದುಕಿದ ನನಗೆ ಆ ಒಂಬತ್ತು ದಿನ ಬಿಟ್ಟರೆ ಬೇರೆ ಏನಿತ್ತು? ಅದನ್ನೂ ಕಳೆದುಕೊಂಡರೆ ನಾನು ಯಾರು ಎಂಬ ಭಯ ನನ್ನನ್ನು ತಿಂದುಹಾಕುತ್ತಿತ್ತು.

ಹಾಗಾಗಿ ತಂತಿಯ ಮೇಲೆ ಬಿದ್ದೆ. ನೂರಾ ಐದನ್ನು ತೆಗೆದು ನೂರು ಹಾಕಿದೆ. ಒಂದೆರಡು ತಿಂಗಳು ಹಗುರವೆನಿಸಿತು. ನಂತರ ಯಾರೋ ನುಣುಪು ಸುತ್ತಿನ ತಂತಿಯಿದೆ, ಬೆರಳಿಗೆ ರೇಷ್ಮೆಯ ಹಾಗೆ ಎಂದರು. ಮುಂಬಯಿಯಿಂದ ತರಿಸಿದೆ. ಚರ್ಮಕ್ಕೆ ರೇಷ್ಮೆಯೇ, ನಿಜ. ಆದರೆ ಅದರ ಬಿಗಿತ ಮೊದಲಿನದಕ್ಕಿಂತ ಹೆಚ್ಚು, ಒತ್ತಿದರೆ ಕಬ್ಬಿಣದ ಸಲಾಕೆ ಒತ್ತಿದಂತೆ. ನನ್ನ ನೋವು ಚರ್ಮದ್ದಲ್ಲ, ಗಂಟಿನದ್ದು. ಅಷ್ಟೂ ಹೊಳೆಯದ ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ಅದನ್ನು ತೆಗೆದು ತೊಂಬತ್ತೈದು ಹಾಕಿದೆ. ಅದಕ್ಕಿಂತ ತೆಳ್ಳಗಿನದು ಹಾಕಿದರೆ ತಂತಿ ಕುಣಿದು ಗಿಟಾರಿನ ಕತ್ತಿನ ಮೇಲಿನ ಲೋಹದ ಫ್ರೆಟ್ಟಿಗೆ ಬಡಿದು ಗುರುಗುಟ್ಟುತ್ತಿತ್ತು.

"ಎಂತ ಮಾರಾಯ, ಸೌಂಡಿಗೆ ಹೊಟ್ಟೆಯೇ ಇಲ್ಲ," ಎಂದರು ಅಣ್ಣ. "ದೋಸೆ ಹಿಟ್ಟಿಗೆ ನೀರು ಜಾಸ್ತಿ ಆದ ಹಾಗೆ ಉಂಟು."

"ಆಂಪ್ ಸರಿ ಇಲ್ಲ ಅಣ್ಣ," ಎಂದೆ. ಸುಳ್ಳು ಅಲ್ಲಿಂದಲೇ ಶುರುವಾಗಿತ್ತು.

ಒಂದು ಮಧ್ಯಾಹ್ನ ಅಭ್ಯಾಸ ಮುಗಿದ ಮೇಲೆ ಬೆನ್ ತಮ್ಮ ಚೀಲದಿಂದ ಒಂದು ಪುಟ್ಟ ಬಟ್ಟೆಯ ಗಂಟು ತೆಗೆದು ನನ್ನ ಮುಂದಿಟ್ಟರು. ಕಲ್ಲುಪ್ಪು, ಓಮ ಸೇರಿಸಿ ಹೊಲಿದದ್ದು. "ಕಾವಲಿ ಮೇಲೆ ಬಿಸಿ ಮಾಡಿ ಕೈಗೆ ಒತ್ತಿಕೊಳ್ಳಿ ಭಾಯ್," ಎಂದಷ್ಟೇ ಹೇಳಿ, ಶಾಲೆಯ ಪೇಪರು ತಿದ್ದಬೇಕೆಂದು ಹೊರಟುಹೋದರು. ಅವರಿಗೆ ಗೊತ್ತಾಗಿತ್ತು. ಯಾರಿಗೂ ಹೇಳಿರಲಿಲ್ಲ, ಮುಂದೆಯೂ ಹೇಳಲಿಲ್ಲ. ಆ ಗಂಟನ್ನು ದಿನಾ ಬೆಳಿಗ್ಗೆ ಒತ್ತಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಾದರೂ ಬೆರಳು ಬಿಡುತ್ತಿದ್ದವು.

ಮೂರನೆಯ ವರ್ಷದ ನವರಾತ್ರಿಗೆ ಇನ್ನು ಆರು ವಾರವಿತ್ತು. ಒಂದು ಗಂಟೆ ನುಡಿಸುವುದರಲ್ಲಿ ನನ್ನ ತೋರುಬೆರಳು ಸೆಟೆದು ನಿಲ್ಲುತ್ತಿತ್ತು. ತಂತಿಯನ್ನು ಇನ್ನು ತೆಳ್ಳಗೆ ಮಾಡುವಂತಿಲ್ಲ. ಉಳಿದದ್ದು ಒಂದೇ ದಾರಿ, ಬಿಗಿತ ಇಳಿಸುವುದು. ಶ್ರುತಿ ಅರ್ಧ ಸ್ವರ ಇಳಿದು ಬಿಳಿ ಆರಕ್ಕೆ ಬಂದರೆ ತಂತಿಗಳನ್ನು ಮೇಲಕ್ಕೆ ಬಿಗಿಯಬೇಕಾಗಿಲ್ಲ, ಷಡ್ಜವೂ ಎಡಗೈ ಮುಟ್ಟದೆಯೇ ಸಿಗುತ್ತದೆ. ಕೀಬೋರ್ಡಿನವರಿಗೆ ಒಂದು ಗುಂಡಿ ಒತ್ತಿದರೆ ಆಯಿತು. ಆದರೆ ಶ್ರುತಿ ಹಾಡುವವರದ್ದು. ನನಗಾಗಿ ಇಳಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಕೈಯ ವಿಷಯ ಹೊರಬೀಳುತ್ತದೆ. ಅವರಿಗಾಗಿಯೇ ಇಳಿಸಿದಂತೆ ಮಾಡಿದರೆ? ಈ ಉಪಾಯ ಹೊಳೆದ ದಿನ ನನಗೆ ನನ್ನ ಜಾಣತನದ ಬಗ್ಗೆ ಹೆಮ್ಮೆಯೇ ಆಯಿತು. ಅದನ್ನು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಅಂದು ಬೆನ್ ಹೋದ ಮೇಲೆ ಅಣ್ಣನೂ ನಾನೂ ಕಾಫಿ ಕುಡಿಯುತ್ತಿದ್ದೆವು.

"ಅಣ್ಣ, ಬೆನ್‌ದು ಗಂಟಲು ಈ ಸಲ ಯಾಕೋ ಎಳೀತಾ ಉಂಟು. ಗಮನಿಸಿದ್ರಾ?"

ಅಣ್ಣ ಲೋಟ ಕೆಳಗಿಟ್ಟರು. "ಹೌದಾ? ನಂಗೆ ಗೊತ್ತಾಗ್ಲಿಲ್ಲ."

"ಮೇಲಿನ ಷಡ್ಜದಲ್ಲಿ ಒಡೀತದೆ. ಬಿಳಿ ಆರಕ್ಕೆ ಇಳ್ಸಿದ್ರೆ ಅವ್ರಿಗೆ ಆರಾಮ."

"ನೀ ಹೇಳ್ತಿ ಅಂದ್ರೆ ಇರ್ಬೇಕು ಮಾರಾಯ. ನಿನ್ನ ಕಿವಿ ನಂದಕ್ಕಿಂತ ಪಕ್ಕಾ." ಲೋಟ ಎತ್ತಿ ಒಂದು ಗುಟುಕು ಕುಡಿದರು. "ಆದ್ರೆ ಒಂದು ವಿಷಯ. ಸುರ್ ಇಳಿದ್ರೆ ಗರ್ಬಾ ಕೂತ್ಕೊಳ್ತದೆ. ಮೈದಾನದವ್ರು ಬಿಡುದಿಲ್ಲ."

ನಾನು ಅಲ್ಲಿಗೆ ಬಿಟ್ಟೆ. ಬೀಜ ಬಿತ್ತಿದ್ದಾಯಿತು, ಮೊಳೆಯುತ್ತದೆ ಎಂದುಕೊಂಡೆ.

ಮೊಳೆಯಿತು. ಎರಡು ವಾರ ಕಳೆದು ಮಾಳಿಗೆ ಹತ್ತಿದಾಗ ಬೆನ್ ಕೂರುತ್ತಿದ್ದ ಕುರ್ಚಿಯಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿಯೊಬ್ಬಳು ಕೂತಿದ್ದಳು. ವಿಶ್ವವಿದ್ಯಾಲಯದಲ್ಲಿ ಸಂಗೀತ ಓದುತ್ತಿದ್ದವಳು, ಚುರುಕಿನ ಹುಡುಗಿ, ಅವಳದೇನೂ ತಪ್ಪಿಲ್ಲ. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಬೆನ್‌ಗೆ ಹೇಳ್ದೆ. ಬೇಜಾರು ಮಾಡ್ಲಿಲ್ಲ ಮಾರಾಯ. ಸರಿ ಅಂದ್ರು, ಎದ್ದು ಹೋದ್ರು. ನೀ ಹೇಳಿದ್ದು ಒಳ್ಳೇದಾಯ್ತು, ಇಲ್ಲದಿದ್ರೆ ಸ್ಟೇಜ್ ಮೇಲೆ ಮರ್ಯಾದೆ ಹೋಗ್ತಿತ್ತು," ಎಂದರು. ಆಮೇಲೆ ಕೀಬೋರ್ಡಿನ ಮುಂದೆ ಕೂತು ಹುಡುಗಿಯ ಶ್ರುತಿ ಕೇಳಿದರು.

"ಬಿಳಿ ಏಳು," ಎಂದಳು ಅವಳು.

ಕಪ್ಪು ಐದಕ್ಕಿಂತ ಇನ್ನೂ ಅರ್ಧ ಸ್ವರ ಮೇಲೆ. ಆ ಮಧ್ಯಾಹ್ನ ನಾನು ಒಂದೊಂದೇ ತಿರುಪನ್ನು ಹಿಡಿದು ಬಿಗಿಯುತ್ತ ಹೋದೆ. ತೊಂಬತ್ತೈದರ ತಂತಿ ಮೊದಲಿನ ನೂರಾ ಐದರ ಹಾಗೆ ಸೆಟೆದು ನಿಂತಿತು. ಅಷ್ಟು ದಿನ ಒಂದೊಂದು ಎಳೆಯಾಗಿ ಗಳಿಸಿದ್ದೆಲ್ಲ ಹತ್ತು ನಿಮಿಷದಲ್ಲಿ ಹೋಯಿತು. ಆಗಲೂ ಬಾಯಿ ಬಿಡಬಹುದಿತ್ತು. ಅಣ್ಣ, ನಾನು ಹೇಳಿದ್ದು ಸುಳ್ಳು, ಬೆನ್ ಅವರನ್ನು ಕರೆಯಿರಿ ಎನ್ನಬಹುದಿತ್ತು. ನವರಾತ್ರಿಗೆ ತಿಂಗಳಿತ್ತು. ನಾನು ತಲೆ ಬಗ್ಗಿಸಿ ತಿರುಪು ತಿರುಗಿಸಿದೆ.

ಬೆನ್ ಅವರ ಮನೆ ನನ್ನ ಬ್ಯಾಂಕಿನಿಂದ ಹತ್ತು ನಿಮಿಷದ ದಾರಿ. ಒಂದು ದಿನವೂ ಹೋಗಲಿಲ್ಲ. ಆ ಉಪ್ಪಿನ ಗಂಟನ್ನು ಹೆಂಡತಿ ಬೆಳಿಗ್ಗೆ ಬಿಸಿ ಮಾಡಿ ತಂದರೆ ಬೇಡ ಎನ್ನುತ್ತಿದ್ದೆ. ಅವಳು ಕಾರಣ ಕೇಳಿದಳು. ಹೇಳಿದೆ. ಅವಳು ಕಾವಲಿಯ ಉರಿ ಆರಿಸಿ ಬಂದು, "ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ. ಇವತ್ತೇ ಹೋಗಿ," ಎಂದಳು. ನಾಳೆ ಎಂದೆ. ಆ ನಾಳೆ ಬರಲೇ ಇಲ್ಲ.

ಆ ಸಲ ಹಬ್ಬದ ಮೂರನೆಯ ದಿನ ಕುಣಿತದ ನಡುವೆ ನನ್ನ ಬೆರಳುಗಳು ತಂತಿಯ ಮೇಲೆಯೇ ಹಿಡಿದುಕೊಂಡವು, ತೆಗೆಯಲು ಬರಲಿಲ್ಲ. ಬಲಗೈಯಿಂದ ಒಂದೊಂದಾಗಿ ಬಿಡಿಸಿಕೊಂಡೆ. ತಲೆಯೆತ್ತಿದರೆ ಅಣ್ಣ ನನ್ನನ್ನೇ ನೋಡುತ್ತಿದ್ದರು, ಅವರ ಎಡಗೈ ಆಗಲೇ ಕೀಬೋರ್ಡಿನಲ್ಲಿ ನನ್ನ ಭಾಗ ನುಡಿಸುತ್ತಿತ್ತು. ಕುಣಿಯುವವರಲ್ಲಿ ಒಬ್ಬರ ಹೆಜ್ಜೆಯೂ ತಪ್ಪಲಿಲ್ಲ. ನಾಲ್ಕನೆಯ ದಿನ ನಾನು ಹೋಗಲಿಲ್ಲ, ಯಾರೂ ಕರೆಯಲಿಲ್ಲ. ಹಬ್ಬ ಮುಗಿದ ಮೇಲೆ ಅಣ್ಣ ಮನೆಗೆ ಬಂದು, ಅರ್ಧ ಕಿಲೋ ಮೈಸೂರುಪಾಕು ಇಟ್ಟು, ನನ್ನ ಕೈ ನೋಡಿ ಕಣ್ಣೀರು ಹಾಕಿದರು. "ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ?" ಎಂದರು. ಬೆನ್ ಗಂಟಲಿನ ನಿಜವನ್ನು ಅವರಿಗೂ ನಾನು ಹೇಳಲಿಲ್ಲ.

ಸೂರತ್‌ಗೆ ವರ್ಗವಾದಾಗ ಗಿಟಾರನ್ನು ಕಪಾಟಿನ ಮೇಲೆ ಮಲಗಿಸಿದೆ. ತಂತಿ ಸಡಿಲಿಸದೆ ಇಟ್ಟರೆ ಅದರ ಕತ್ತು ಬಾಗುತ್ತದೆ. ಸಡಿಲಿಸಲು ನನ್ನ ಕೈಯಲ್ಲಿ ಆಗಲಿಲ್ಲ, ಹೆಂಡತಿ ಮಾಡಿದಳು. ನಾನು ನೋಡಲಾರದೆ ಹೊರಗೆ ಹೋಗಿ ನಿಂತೆ.

ಅಲ್ಲಿ ಒಂದು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಕೌಂಟರಿನ ಆಚೆ ಬೆನ್ ನಿಂತಿದ್ದರು. ಶಾಲೆಯಿಂದ ನಿವೃತ್ತಿಯಾಗಿ ಮಗಳ ಮನೆಗೆ ಬಂದಿದ್ದಾರೆ, ಖಾತೆ ತೆರೆಯಬೇಕಂತೆ. ನನ್ನನ್ನು ಕಂಡು ಮುಖ ಅರಳಿತು. ಕೌಂಟರಿನ ಮೇಲೆ ಮುದುರಿ ಬಿದ್ದಿದ್ದ ನನ್ನ ಎಡಗೈಯನ್ನು ನೋಡಿದರು. ಹೊರಡುವಾಗ, "ಶನಿವಾರ ಮಧ್ಯಾಹ್ನ ಬನ್ನಿ ಭಾಯ್. ನನ್ನ ತಾನ್‌ಪುರದ ತಂತಿ ತೊಂದರೆ ಕೊಡುತ್ತಿದೆ. ತಂತಿಯ ದಪ್ಪ ನಿಮಗೆ ತಿಳಿದ ಹಾಗೆ ಇನ್ಯಾರಿಗೂ ತಿಳಿಯದು," ಎಂದರು.

ಹೋದೆ. ಮಗಳು ಅಳಿಯ ಕೆಲಸಕ್ಕೆ ಹೋಗಿದ್ದರು. ತಾನ್‌ಪುರವನ್ನು ಅವರು ಬಿಳಿ ಐದಕ್ಕೆ ಇಳಿಸಿದ್ದರು. ಕಪ್ಪು ಐದಕ್ಕೆಂದು ಹಾಕಿದ್ದ ತೆಳ್ಳನೆಯ ತಂತಿಗಳು ಅಷ್ಟು ಕೆಳಗೆ ಸೋತು, ದನಿಯೇ ಇಲ್ಲದೆ ಜೋತಾಡುತ್ತಿದ್ದವು. ಶ್ರುತಿ ಇಳಿದರೆ ದಪ್ಪ ತಂತಿ ಬೇಕು, ನನ್ನ ಲೆಕ್ಕದ ತಿರುಗುಮುರುಗು ಅಷ್ಟೇ.

"ಯಾಕೆ ಬೆನ್ ಇಷ್ಟು ಕೆಳಗೆ?" ಎಂದೆ.

"ಪಕ್ಕದ ಮನೆ ಮಕ್ಕಳಿಗೆ ಪಾಠ ಹೇಳುತ್ತೇನೆ. ನನಗೆ ಇಷ್ಟು ಸಾಕು."

ಆಗ ಹೇಳಿದೆ. "ಬೆನ್, ಆ ವರ್ಷ ನಿಮ್ಮ ಗಂಟಲು ಎಳೆಯುತ್ತಿದೆ ಅಂತ ಹೇಳಿದ್ದು ನಾನು."

"ಗೊತ್ತು," ಎಂದರು ಅವರು. "ನಿಮ್ಮ ಹೆಸರು ಹೇಳಿಯೇ ಅವರು ನನಗೆ ಹೇಳಿದ್ದು. ಬೇರೆ ಯಾರಾದರೂ ಆಗಿದ್ದರೆ ಜಗಳ ಆಡುತ್ತಿದ್ದೆ. ನೀವು ಹೇಳಿದಿರಿ ಅಂದ ಮೇಲೆ ನಿಜವೇ ಇರಬೇಕು ಅಂದುಕೊಂಡೆ. ಮನೆಗೆ ಹೋಗಿ ಹಾಡಿ ನೋಡಿದೆ. ನನಗೂ ಕೇಳಿಸಿತು, ಮೇಲಿನ ಸಾದಲ್ಲಿ ಒಡೆಯುತ್ತಿತ್ತು. ಅಲ್ಲಿಗೆ ಬಿಟ್ಟುಬಿಟ್ಟೆ."

"ಒಡೆಯುತ್ತಿರಲಿಲ್ಲ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಒಂದು ದಿನವೂ ಒಡೆದಿರಲಿಲ್ಲ ಬೆನ್. ನಾನು ಸುಳ್ಳು ಹೇಳಿದ್ದು. ನನ್ನ ಕೈಗೆ ಆಗುತ್ತಿರಲಿಲ್ಲ, ಶ್ರುತಿ ಅರ್ಧ ಇಳಿಯಲಿ ಅಂತ ಹೇಳಿದೆ."

ಅವರು ತಾನ್‌ಪುರದ ಸೋರೆಬುರುಡೆಯ ಮೇಲೆ ಕೈಯಿಟ್ಟರು. ಬೈಯಲಿ ಎಂದು ಕಾದೆ. ಎದ್ದು ಹೋಗು ಎನ್ನಲಿ ಎಂದು ಬೇಡಿಕೊಂಡೆ.

"ನನ್ನನ್ನೇ ಕೇಳಿದ್ದರೆ ಇಳಿಸುತ್ತಿದ್ದೆನಲ್ಲ ಭಾಯ್," ಎಂದರು ಕೊನೆಗೆ. "ಅರ್ಧ ತಾನೆ?"

ಆಮೇಲೆ ಮೂಲೆಯಲ್ಲಿದ್ದ ಹಾರ್ಮೋನಿಯಂ ಎಳೆದು ನನ್ನ ಮುಂದಿಟ್ಟರು. "ಕಪ್ಪು ಐದು ಕೊಡಿ," ಎಂದರು. ನನ್ನ ಎಡಗೈ ತಿದಿ ಒತ್ತಲಾರದು, ಅವರೇ ಒತ್ತಿದರು. ನಾನು ಬಲಗೈಯ ಒಂದು ಬೆರಳಿನಿಂದ ಕಪ್ಪು ಐದನ್ನು ಹಿಡಿದೆ. ಬೆನ್ ಕಣ್ಣು ಮುಚ್ಚಿ ಕೆಳಗಿನ ಷಡ್ಜದಿಂದ ಹೊರಟರು. ಪಂಚಮದವರೆಗೆ ಅದೇ ದನಿ, ಅದೇ ಮೈದಾನ. ಅಲ್ಲಿಂದ ಮುಂದೆ ಅದು ನಡುಗತೊಡಗಿತು. ಮೇಲಿನ ಷಡ್ಜಕ್ಕೆ ಕೈ ಚಾಚಿತು, ತಾಗಿತು, ಒಡೆಯಿತು. ಇನ್ನೊಮ್ಮೆ ಪ್ರಯತ್ನಿಸಿದರು. ಮೂರನೆಯ ಸಲ ಬರೀ ಗಾಳಿ ಬಂತು. ಸುಮಾರು ಎರಡು ವರ್ಷ ಮೇಲಿನ ಸ್ವರ ಮುಟ್ಟದೆ ಬಿಟ್ಟ ಗಂಟಲು ಅದು.

ಅವರು ತಿದಿ ಬಿಟ್ಟರು. "ಈಗ ನಿಜ ಆಯಿತು ನೋಡಿ," ಎಂದರು.

ನನಗೆ ಅಳು ಬಂತು, ಮಕ್ಕಳ ಹಾಗೆ ಅತ್ತೆ. ಅವರು ನೀರು ತಂದುಕೊಟ್ಟರು. ಆಮೇಲೆ ಮಗಳ ಟೆಲಿಫೋನ್ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನು ಕೊಟ್ಟು, "ಬಿಳಿ ಐದಕ್ಕೆ ಯಾವ ದಪ್ಪದ ತಂತಿ, ಬರೆದುಕೊಡಿ. ನಾಳೆ ಅಳಿಯನ ಕೈಲಿ ತರಿಸುತ್ತೇನೆ. ಪಾಠಕ್ಕೆ ಮಕ್ಕಳು ಬರುತ್ತಾರೆ," ಎಂದರು. ನಾಲ್ಕು ತಂತಿಗೆ ನಾಲ್ಕು ಸಾಲು ಬರೆಯಬೇಕಿತ್ತು. ನನ್ನ ಎಡಗೈ ತೊಡೆಯ ಮೇಲೆ ಬಿದ್ದಿತ್ತು, ಹಾಳೆ ಮೇಜಿನ ಮೇಲೆ ಜಾರುತ್ತಿತ್ತು. ನಾನು ಬರೆದು ಮುಗಿಸುವವರೆಗೆ ಬೆನ್ ಅದರ ಅಂಚನ್ನು ಒತ್ತಿ ಹಿಡಿದುಕೊಂಡಿದ್ದರು.